ತ್ರಿವಿಕ್ರಮನ ಹಿಮಕರಡಿ

ಮದುವೆಯಾದ ಹದಿನೈದನೇ ದಿನ, ಮೈಸೂರಿನ ಝೂನಲ್ಲಿ ಬೆನ್ನು ತಿರುಗಿಸಿ ಮಲಗಿದ್ದ ಕರಡಿಯೊಂದರ ಮುಂದೆ ನಿಂತು ತ್ರಿವಿಕ್ರಮ ಹೊಸ ಹೆಂಡತಿಗೆ ಮಾತು ಕೊಟ್ಟಿದ್ದ.

"ಇದೂ ಒಂದು ಕರಡೀನಾ ಜಲಜಾ? ನಿನ್ನ ಉತ್ತರ ಧ್ರುವಕ್ಕೆ ಕರ್ಕೊಂಡು ಹೋಗ್ತೀನಿ. ಹಿಮಕರಡಿ ತೋರಿಸ್ತೀನಿ. ಇದು ನನ್ನ ಮಾತು."

ಹೊಸ ಗಂಡಂದಿರು ಇಂಥದ್ದನ್ನೆಲ್ಲ ಹೇಳುತ್ತಾರೆ. ಹಳಬರಾಗುವಷ್ಟರಲ್ಲಿ ಮರೆತೂ ಬಿಡುತ್ತಾರೆ. ತ್ರಿವಿಕ್ರಮನಿಗೆ ಮರೆಯಲು ಬರಲಿಲ್ಲ. ಪ್ರತಿ ವಾರ್ಷಿಕೋತ್ಸವಕ್ಕೂ ತಾನೇ ನೆನಪಿಸಿ, "ಮುಂದಿನ ವರ್ಷ ಗ್ಯಾರಂಟಿ" ಎನ್ನುತ್ತಿದ್ದ. ಜಲಜಾ "ಆಯ್ತು ಬಿಡ್ರೀ" ಎಂದು ನಗುತ್ತಿದ್ದಳು. ಆ ನಗೆಯ ಹಿಂದೆ ಎಷ್ಟು ನಿರಾಸೆ ಇದೆಯೋ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಅಡ್ಡಿ ಇದ್ದದ್ದು ಸಮುದ್ರದ್ದು. ಹಿಮಕರಡಿ ಇರುವಲ್ಲಿಗೆ ಹಡಗಿನಲ್ಲೇ ಹೋಗಬೇಕು. ತ್ರಿವಿಕ್ರಮನಿಗೆ ನೀರಿನ ಮೇಲೆ ಹೊಟ್ಟೆ ನಿಲ್ಲದು. ಕೆಲಸಕ್ಕೆಂದು ಮಲೇಷ್ಯಾದ ಪೆನಾಂಗ್ ದ್ವೀಪಕ್ಕೆ ಬಂದ ಹೊಸದರಲ್ಲಿ ಒಬ್ಬನೇ ಫೆರಿ ಹತ್ತಿ, ಹದಿನೈದೇ ನಿಮಿಷದ ದಾರಿಯಲ್ಲಿ ಬೆಳಗಿನ ಇಡ್ಲಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿದ್ದ. ಅಂದಿನಿಂದ ಆಚೆ ದಡಕ್ಕೆ ಹೋಗಬೇಕಾದಾಗಲೆಲ್ಲ ಸೇತುವೆ ಸುತ್ತಿಕೊಂಡು ಹೋಗುತ್ತಿದ್ದ. ಜಲಜಾಳಿಗೆ ಇದು ಗೊತ್ತಿರಲಿಲ್ಲ. ಧ್ರುವಕ್ಕೆ ಕರೆದೊಯ್ಯುವ ಗಂಡಸು ಫೆರಿಯಲ್ಲಿ ವಾಂತಿ ಮಾಡಿಕೊಂಡನೆಂದು ಯಾವ ಬಾಯಲ್ಲಿ ಹೇಳುವುದು?

ಹಾಗಿರುವಾಗ ಕೊರೋನಾ ಬಂತು. ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ಜಗತ್ತೆಲ್ಲ ಕಂಗಾಲಾಗಿದ್ದಾಗ ತ್ರಿವಿಕ್ರಮ ಮಾತ್ರ ಪರೀಕ್ಷೆ ಮುಂದೂಡಲ್ಪಟ್ಟ ಹುಡುಗನ ಹಾಗೆ ಅರಳಿದ. ಪೆನಾಂಗಿನ ಬಯಾನ್ ಲೆಪಾಸ್ ಬಡಾವಣೆಯ ಅವರ ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ, "ಬಾರ್ಡರ್ ತೆರೀಲಿ, ಮಾರನೇ ದಿನವೇ ಧ್ರುವಕ್ಕೆ ಹೊರಟೆವು ಅಂತ ಇಟ್ಕೊಳ್ಳಿ" ಎಂದು ಸಾರಿದ. ಇಷ್ಟಕ್ಕೇ ನಿಲ್ಲದೆ, ಅಂತರಜಾಲದಲ್ಲಿ ಒಂದು ಪುಟ್ಟ ಧ್ರುವ ಪ್ರವಾಸ ಸಂಸ್ಥೆಯನ್ನು ಹುಡುಕಿ ಇಬ್ಬರ ಹೆಸರನ್ನೂ ಬರೆಸಿದ. ಆ ಸಂಸ್ಥೆ ವರ್ಷಕ್ಕೆ ಹನ್ನೆರಡೇ ಜನರನ್ನು ಕರೆದೊಯ್ಯುತ್ತಿತ್ತು. ಅವರು ಕೊಡುವ ಹಣದಿಂದ ಅಲ್ಲಿನ ದ್ವೀಪದ ಹಳ್ಳಿಯೊಂದರ ಕರಡಿ ಕಾವಲುಗಾರರಿಗೆ ಸಂಬಳ. ಊರೊಳಗೆ ನುಗ್ಗುವ ಕರಡಿಗೆ ಗುಂಡು ಹೊಡೆಯದೆ, ಸದ್ದು ಮಾಡಿ ಹಿಂದಕ್ಕೆ ಕಳಿಸುವುದು ಅವರ ಕೆಲಸ. ಪ್ರಾಣಿಗೂ ಊರಿಗೂ ತೊಂದರೆ ಕೊಡದ ಪ್ರವಾಸಿಗಳನ್ನು ಮಾತಾಡಿಸಿ ನೋಡಿಯೇ ಆರಿಸುತ್ತಿದ್ದರು.

ಸಾವಿರಾರು ಜನರ ಸಾಲಿನಲ್ಲಿ ತನ್ನ ಸರದಿ ಬರುವುದಿಲ್ಲ ಎಂಬ ಧೈರ್ಯ ತ್ರಿವಿಕ್ರಮನಿಗಿತ್ತು.

2022ರ ಮಾರ್ಚ್‌ನ ಆ ಮಂಗಳವಾರ ಅವನು ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತ ಕೂತಿದ್ದಾಗ ಬಾಗಿಲು ದಬದಬ ಬಡಿದ ಸದ್ದಾಯಿತು. ಪಕ್ಕದ ಮನೆಯ ಹುಬ್ಬಳ್ಳಿಯ ಮುಕ್ತಾರ್.

"ಏನ್ರೀ ತ್ರಿವಿಕ್ರಮ್, ಸುದ್ದಿ ನೋಡಿದ್ರಿಲ್ಲ? ಏಪ್ರಿಲ್ ಒಂದಕ್ಕ ಬಾರ್ಡರ್ ಓಪನ್ ಅಂತ! ನೀವು ಗೆದ್ರಿ ಬಿಡ್ರಿ!"

ತ್ರಿವಿಕ್ರಮನ ಮುಖ ಆರಿದ ಕಾಫಿಯಂತಾಯಿತು. "ಹೌದಾ? ಬಹಳ ಸಂತೋಷ," ಎಂದ.

"ಸಂತೋಷ ಅಂದ್ರ ಹಿಂಗೇನ್ರಿ? ಗ್ರೂಪಿನ್ಯಾಗ ಹಾಕೇ ಬಿಟ್ಟೀನಿ. ನಮ್ಮ ಬ್ಲಾಕಿನಿಂದ ಮೊದಲ ಧ್ರುವಯಾತ್ರಿ ಅಂತ!"

ಅರ್ಧ ಗಂಟೆಯಲ್ಲಿ ಮನೆ ತುಂಬಿತು. ಮುಕ್ತಾರನ ಹೆಂಡತಿ ಜಾಹೀದಾ ದೊಡ್ಡ ಫ್ಲಾಸ್ಕ್ ತಂದಳು. ಮಗಳ ಬಾಣಂತನಕ್ಕೆಂದು ಮೂರು ತಿಂಗಳಿಗೆ ಬಂದು ಎರಡು ವರ್ಷದಿಂದ ಮಲೇಷ್ಯಾದಲ್ಲೇ ಸಿಕ್ಕಿಕೊಂಡಿದ್ದ ಮೇಲಿನ ಮಹಡಿಯ ರತ್ನಮ್ಮ, ಊರಿನಿಂದ ತಂದಿದ್ದ ಮಂಕಿ ಟೋಪಿಯನ್ನು ತಾವೇ ಅವನ ತಲೆಗೆ ಎಳೆದರು.

"ಹಾಕ್ಕೊಂಡು ರೂಢಿ ಮಾಡ್ಕೋಪ್ಪ. ಅಲ್ಲಿ ಹೋಗಿ ಕಿವಿಗೆ ಗಾಳಿ ಹೊಕ್ಕಿದ್ರೆ ಯಾರು ನೋಡ್ತಾರೆ?"

ಹೊರಗೆ ಮೂವತ್ತೆರಡು ಡಿಗ್ರಿ. ಟೋಪಿಯೊಳಗೆ ತ್ರಿವಿಕ್ರಮ ಇಡ್ಲಿ ಪಾತ್ರೆಯ ಮೇಲಿನ ತಟ್ಟೆಯಂತೆ ಬೆವೆತ.

"ಅಪ್ಪಾ, ಯು ಲುಕ್ ಲೈಕ್ ಎ ಥೀಫ್ ಲಾ," ಎಂದಳು ಮಲೇಷ್ಯಾದವರ ಧಾಟಿಯಲ್ಲಿ ಮಗಳು ಅನನ್ಯ. ಅಷ್ಟು ಹೇಳಿ ಅವನ ಲ್ಯಾಪ್‌ಟಾಪಿನತ್ತ ಬಗ್ಗಿ ನೋಡಿ ಕೂಗಿದಳು: "ಅಮ್ಮಾ! ಪೋಲಾರ್ ಪೀಪಲ್ ಮೇಲ್ ಮಾಡಿದಾರೆ!"

ಸಾಲಿನಲ್ಲಿದ್ದ ಬಹಳ ಜನ ಹಿಂದೆ ಸರಿದಿದ್ದರಂತೆ. ನಿಮ್ಮ ಸರದಿ ಬಂದಿದೆ, ಇವತ್ತೇ ಕೊನೆಯ ದಿನ, ನಿಮ್ಮ ಸಮಯ ಸಂಜೆ ಐದಕ್ಕೆ ವಿಡಿಯೋದಲ್ಲಿ ಸಿಗುತ್ತೀರಾ ಎಂದು ಕೇಳಿದ್ದರು. ತ್ರಿವಿಕ್ರಮ ಓದಿ ಮುಗಿಸುವ ಮೊದಲೇ ಅನನ್ಯ 'ಯೆಸ್' ಒತ್ತಿದ್ದಳು.

ಹಣವಿಲ್ಲ ಎನ್ನೋಣವೆಂದರೆ ಎರಡು ವರ್ಷ ಎಲ್ಲೂ ಹೋಗದೆ ಉಳಿದದ್ದು ಜಲಜಾಳಿಗೂ ಗೊತ್ತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಯೋಚಿಸಿದ. ಹೊಳೆಯಿತು! ಅವರೇ ಬೇಡವೆಂದರೆ? ಸಂದರ್ಶನದಲ್ಲಿ ನಪಾಸಾದರೆ ಮಾತಿಗೂ ಧಕ್ಕೆಯಿಲ್ಲ, ಹೊಟ್ಟೆಗೂ ಧಕ್ಕೆಯಿಲ್ಲ. ಶಿಳ್ಳೆ ಹಾಕುತ್ತ ಹೊರಬಂದ.

ಐದಕ್ಕೆ ಎಲ್ಲರನ್ನೂ ಹೊರಗಿನ ಕಾರಿಡಾರಿಗೆ ಅಟ್ಟಿ ಹಾಲಿನಲ್ಲಿ ಕೂತ. ಜಲಜಾ ಅಡುಗೆಮನೆಯಲ್ಲಿ ಕಾಫಿಗಿಟ್ಟಳು. ತೆರೆಯ ಮೇಲೆ ಕೆಂಪು ಕೆನ್ನೆಯ ಮಾರಿತ್ ಎಂಬ ಹೆಂಗಸು ಕಾಣಿಸಿಕೊಂಡು ಇಂಗ್ಲಿಷಿನಲ್ಲಿ ಶುರುಮಾಡಿದಳು.

"ಹಿಮಕರಡಿ ಕಂಡರೆ ಏನು ಮಾಡುತ್ತೀರಿ?"

"ನೋಡುವುದೇ ಇಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ."

ಮಾರಿತ್ ಕನ್ನಡಕ ತೆಗೆದಳು. "ಬಂದವರೆಲ್ಲ ಇನ್ನೂ ಹತ್ತಿರ, ಇನ್ನೂ ಹತ್ತಿರ ಎನ್ನುತ್ತಾರೆ. ಕರಡಿಯನ್ನು ಅದರ ಪಾಡಿಗೆ ಬಿಡುತ್ತೇನೆ ಎಂದವರು ನೀವೇ ಮೊದಲು!"

ತ್ರಿವಿಕ್ರಮನಿಗೆ ದಿಗಿಲಾಯಿತು. "ಫೋಟೋನೂ ತೆಗೆಯುವುದಿಲ್ಲ," ಎಂದು ಒರಟಾಗಿ ಸೇರಿಸಿದ.

"ಅದ್ಭುತ! ಹಳ್ಳಿಯಲ್ಲಿ ನಿಮಗೆ ಏನೇನು ನೋಡಬೇಕೆಂದಿದೆ?"

"ಏನೂ ಇಲ್ಲ. ನನಗೆ ಚಳಿ ತಡೆಯದು. ಯಾರಾದರೂ ಅಜ್ಜಿಯ ಮನೆಯಲ್ಲಿ ಒಲೆಯ ಮುಂದೆ ಕೂತರೆ ಹೊರಡುವ ತನಕ ಏಳುವುದಿಲ್ಲ. ಅವರು ಹೆಣೆದ ಸ್ವೆಟರ್ ನಾಲ್ಕು ಕೊಂಡು ನಾಲ್ಕನ್ನೂ ಒಟ್ಟಿಗೇ ಹಾಕಿಕೊಳ್ಳುತ್ತೇನೆ."

ಮಾರಿತ್‌ಳ ಕಣ್ಣು ತುಂಬಿ ಬಂತು. "ನಮ್ಮ ಮುದುಕಿಯರ ಜೊತೆ ಕೂರುವವರು ಯಾರಿದ್ದಾರೆ ಸ್ವಾಮಿ? ಓಡಿ ಬಂದು ಓಡಿ ಹೋಗುತ್ತಾರೆ."

ತ್ರಿವಿಕ್ರಮ ಸುತ್ತ ನೋಡಿ, ದನಿ ತಗ್ಗಿಸಿ ಬ್ರಹ್ಮಾಸ್ತ್ರ ಬಿಟ್ಟ. "ನೋಡಿ, ನನಗೆ ಹಡಗಿನಲ್ಲಿ ವಾಂತಿಯಾಗುತ್ತದೆ."

"ನಮ್ಮ ಕ್ಯಾಪ್ಟನ್ನಿಗೂ ಆಗುತ್ತದೆ," ಎಂದು ಮಾರಿತ್ ಸಮಾಧಾನ ಹೇಳಿ ಕ್ಯಾಮೆರಾ ತಿರುಗಿಸಿದಳು.

ಒಂದು ಮರದ ಹಾಲ್. ಬೆಂಚುಗಳ ಮೇಲೆ ಅಜ್ಜಿಯರು, ಮಕ್ಕಳು, ಕಾವಲುಗಾರರು, ಒಂದು ನಾಯಿ: ಎಂಬತ್ತು ಜನರ ಊರಿಗೆ ಊರೇ ಕೂತು ಕೇಳುತ್ತಿತ್ತು. ಎರಡು ವರ್ಷದಿಂದ ಒಬ್ಬ ಪ್ರವಾಸಿಯೂ ಬಂದಿಲ್ಲ, ಕಾವಲುಗಾರರು ಸಂಬಳವಿಲ್ಲದೆ ಕರಡಿ ಕಾಯುತ್ತಿದ್ದಾರೆ ಎಂದಳು ಮಾರಿತ್. "ನೀವು ಆಯ್ಕೆಯಾಗಿದ್ದೀರಿ. ಬರುತ್ತೀರಿ ತಾನೆ?"

ಮುಂದಿನ ಬೆಂಚಿನ ಅಜ್ಜಿಯೊಬ್ಬಳು ಅವನ ಎದೆಯಳತೆ ಊಹಿಸುತ್ತ ಆಗಲೇ ಹೆಣಿಗೆಯ ಕಡ್ಡಿಗೆ ಉಣ್ಣೆಯ ನೂಲು ಏರಿಸುತ್ತಿದ್ದಳು. ಇಲ್ಲ ಎನ್ನಲು ಬಾಯಿ ತೆರೆದ ತ್ರಿವಿಕ್ರಮನಿಂದ ಹೊರಬಂದದ್ದು "ಬರ್ತೀನಿ" ಎಂಬ ಕನ್ನಡ. ಊರು ಅರ್ಥ ಮಾಡಿಕೊಂಡು ಚಪ್ಪಾಳೆ ತಟ್ಟಿತು. ನಾಯಿ ಬೊಗಳಿತು.

"ಈಗ ನಿಮ್ಮ ಶ್ರೀಮತಿ. ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸುತ್ತೇವೆ."

ಇರಲಿ, ಅವಳ ಆಸೆಯಾದರೂ ತೀರಲಿ, ವಾಂತಿ ಮಾಡಿಕೊಂಡಾದರೂ ತೋರಿಸುತ್ತೇನೆ ಎಂದುಕೊಂಡು ತ್ರಿವಿಕ್ರಮ ಎದ್ದು ಕುರ್ಚಿ ಬಿಟ್ಟುಕೊಟ್ಟ. ಜಲಜಾ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕೂತಳು.

"ಹಿಮಕರಡಿ ಕಂಡರೆ?"

"ಮರಿ ಇದ್ದರೆ ಎತ್ತಿಕೊಂಡು ಸೆಲ್ಫಿ! ತಾಯಿಗೆ ಚಕ್ಕುಲಿ ಎಸೆದರೆ ಅದು ಆ ಕಡೆ ಹೋಗುತ್ತದೆ, ಅಲ್ಲವೆ?"

ಮಾರಿತ್ ಕನ್ನಡಕ ಹಾಕಿಕೊಂಡಳು. "ಹಳ್ಳಿಯಲ್ಲಿ?"

"ಎಲ್ಲರ ಮನೆಯೊಳಗೂ ನುಗ್ಗಿ ವಿಡಿಯೋ ಮಾಡುತ್ತೇನೆ. ಅಂದಹಾಗೆ, ಕರಡಿ ಚರ್ಮ ಸಿಗುತ್ತದೆಯೆ? ನಮ್ಮ ಸೋಫಾ ಸ್ವಲ್ಪ ಹರಿದಿದೆ."

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ನಾಯಿ ಕೂಡ ಎದ್ದು ಹೋಯಿತು. ಮಾರಿತ್ ಬಹಳ ಮರ್ಯಾದೆಯಿಂದ, ಒಬ್ಬರಿಗೆ ಮಾತ್ರ ಜಾಗ, ಜೂನ್‌ನಲ್ಲಿ ಯಜಮಾನರು ಬರಲಿ ಎಂದು ತೆರೆ ಆರಿಸಿದಳು.

ಕಾರಿಡಾರಿನಿಂದ ಮುಕ್ತಾರನ ಜೈಕಾರ ಕೇಳುತ್ತಿತ್ತು. ತ್ರಿವಿಕ್ರಮ ದಂಗಾಗಿ ನಿಂತಿದ್ದ.

"ಏನಾಯ್ತೇ ನಿಂಗೆ? ಜಿರಳೇನೂ ಕಾಗದದಲ್ಲಿ ಎತ್ತಿ ಹೊರಗೆ ಬಿಡೋಳು ನೀನು!"

"ಅಡುಗೆಮನೇಲಿ ಎಲ್ಲಾ ಕೇಳಿಸ್ಕೊಂಡೆ ರೀ," ಎಂದಳು ಜಲಜಾ, ಅವನ ಕೈಗೆ ಕಾಫಿ ಕೊಡುತ್ತ. "ನೀವು ಬೇಡ ಬೇಡ ಅಂದಷ್ಟೂ ಆಕೆ ಪಾಸ್ ಮಾಡ್ತಿದ್ಲು. ಸರಿ, ನಾನು ಬೇಕು ಬೇಕು ಅಂತ ಮೈಮೇಲೆ ಬಿದ್ದರೆ ಬಿಟ್ಟುಬಿಡ್ತಾಳೆ ಅಂತ ಗೊತ್ತಾಯ್ತು."

"ಅಂದ್ರೆ ನಿಂಗೆ ಹೋಗೋಕೆ ಇಷ್ಟ ಇರ್ಲಿಲ್ವಾ?"

"ಯಾವತ್ತೂ ಇರ್ಲಿಲ್ಲ. ಫ್ರಿಜ್ ತೆಗೆದ್ರೇ ನಂಗೆ ಸೀನು. ನೀವು ಅಷ್ಟು ಆಸೆಯಿಂದ ವರ್ಷಾ ವರ್ಷಾ ಹೇಳ್ತಿದ್ರಿ, ಬೇಡ ಅಂತ ಹ್ಯಾಗೆ ಹೇಳ್ಲಿ? ಪಾಪ, ಬೇಜಾರು ಮಾಡ್ಕೊಂಡ್ರೆ ಅಂತ ಸುಮ್ನಿದ್ದೆ."

ತ್ರಿವಿಕ್ರಮ ಕೂರಲು ಹೋಗಿ ಕುರ್ಚಿ ತಪ್ಪಿ ನೆಲಕ್ಕೆ ಕೂತ. ಜಲಜಾ ನಕ್ಕಳು, ಅವಳ ನಗು ನೋಡಿ ಅವನಿಗೂ ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ ರತ್ನಮ್ಮ, ಗಂಡಹೆಂಡಿರು ಸಂತೋಷಕ್ಕೆ ಬಿದ್ದು ಬಿದ್ದು ನಗುತ್ತಿದ್ದಾರೆಂದು ಬಗೆದು ಇಬ್ಬರಿಗೂ ದೃಷ್ಟಿ ತೆಗೆದರು.

ಊರಿಗೆ ಊರಿಗೇ "ಬರ್ತೀನಿ" ಎಂದ ಮೇಲೆ ಹಿಂದೆ ಸರಿಯಲಾಗದೆ, ಜೂನ್‌ನಲ್ಲಿ ತ್ರಿವಿಕ್ರಮ ಒಬ್ಬನೇ ಹಡಗು ಹತ್ತಿದ. ಜಲಜಾ ಹಿಮಕರಡಿ ನೋಡಲಿಲ್ಲ. ಕೊಟ್ಟ ಮಾತು ಮುರಿಯಿತು.