ಅಂಗೈಯಗಲದ ತಟ್ಟೆಗಳ ಮುಂದೆ ನಮ್ಮ ಭಾವ

ಎರಡು ಸಾವಿರದ ಆರನೇ ಇಸವಿ, ನವೆಂಬರ್ ತಿಂಗಳ ಒಂದು ಗುರುವಾರ. ವೇಳೆ ಸಂಜೆ ಏಳು ಗಂಟೆ. ಸ್ಥಳ, ಬೆಂಗಳೂರಿನಲ್ಲಿ ಸ್ಪೇನ್ ದೇಶದ ಅಡುಗೆ ಮಾಡುವ ಒಂದು ದುಬಾರಿ ಹೋಟೆಲು. ಹಾಜರಿದ್ದವರು ಮೂವರು: ನಾನು, ನನ್ನ ಅಕ್ಕ, ಅಕ್ಕನ ಗಂಡ. ನಾನು ಕೂಡ್ಲಿಗಿಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದು ನಿವೃತ್ತನಾದವನು. ಹಾಜರಿ ತೆಗೆದುಕೊಳ್ಳದೆ ಯಾವ ಕೆಲಸವನ್ನೂ ಶುರು ಮಾಡಿ ಗೊತ್ತಿಲ್ಲ.

ಈ ಮೂವರಲ್ಲಿ ಕೊನೆಯವರು, ಅಂದರೆ ನಮ್ಮ ಭಾವ, ಅಪಾಯದ ಮನುಷ್ಯ. ಕತ್ತಿ ಹಿಡಿದವನಿಂದ ಓಡಿ ತಪ್ಪಿಸಿಕೊಳ್ಳಬಹುದು. ಸೌಟು ಹಿಡಿದ ನಮ್ಮ ಭಾವನಿಂದ ತಪ್ಪಿಸಿಕೊಂಡವರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರುಗಳಲ್ಲಿ ಯಾರಾದರೂ ಇದ್ದರೆ ಮುಂದೆ ಬರಲಿ, ನಾನೇ ಹಾರ ಹಾಕುತ್ತೇನೆ!

ಕೊಟ್ಟೂರಿನಲ್ಲಿ ಅವರದು ಶೇಂಗಾ, ಮೆಕ್ಕೆಜೋಳದ ದಲ್ಲಾಳಿ ಮಂಡಿ. ಅದು ಹೊಟ್ಟೆಪಾಡಿಗೆ. ನಿಜವಾದ ಉದ್ಯೋಗ ಮಾತ್ರ ಮದುವೆ, ಗೃಹಪ್ರವೇಶ, ತೊಟ್ಟಿಲ ಶಾಸ್ತ್ರಗಳಲ್ಲಿ ಪಂಕ್ತಿಯ ನಡುವೆ ಓಡಾಡುತ್ತ ಜನರಿಗೆ ಒತ್ತಾಯ ಮಾಡುವುದು. ಕರೆದಿರಲಿ, ಕರೆಯದಿರಲಿ, ಮದುವೆ ಗಂಡಿನ ಕಡೆಯದಿರಲಿ, ಹೆಣ್ಣಿನ ಕಡೆಯದಿರಲಿ, ಮುಹೂರ್ತ ಮುಗಿಯುವ ಮೊದಲೇ ಪಂಚೆ ಎತ್ತಿ ಕಟ್ಟಿ, ಶಲ್ಯ ಸೊಂಟಕ್ಕೆ ಬಿಗಿದು, ಹೋಳಿಗೆಯ ಬುಟ್ಟಿ ಹಿಡಿದು ನಿಂತುಬಿಡುತ್ತಾರೆ. 'ಸಾಕು' ಎಂಬ ಶಬ್ದ ಅವರ ಕಿವಿಯೊಳಗೆ ಇಳಿಯುವುದೇ ಇಲ್ಲ.

ಹರಪನಹಳ್ಳಿಯ ಒಂದು ಮದುವೆಯಲ್ಲಿ ವರನ ಸೋದರಮಾವ, ವಯಸ್ಸಾದವರು, ಎರಡೂ ಕೈಗಳನ್ನು ಎಲೆಗೆ ಅಡ್ಡ ಹಿಡಿದು ಬೇಡಿಕೊಂಡರು.

"ಕೈ ತೆಗೀರಿ ಯಜಮಾನ್ರೇ."

"ಇಲ್ಲ್ರೀ, ಸತ್ತ ಹೋಗ್ತೀನಿ."

"ಸಾಯೋರು ಸೈತ ಉಂಡು ಸಾಯ್ತಾರ. ತೆಗೀರಿ, ಇಲ್ಲಂದ್ರ ಕೈಮ್ಯಾಲೆ ಹಾಕ್ತೀನಿ!"

ಹಾಕಿದರು! ಹಾಕಿ, ಮೇಲೆ ತುಪ್ಪವನ್ನೂ ಬಿಟ್ಟರು. ಆ ಮುದುಕರು ಎರಡೂ ಕೈಗಳ ಮೇಲೆ ಹೋಳಿಗೆ ಹೊತ್ತುಕೊಂಡು, ಇಳಿಸಲೂ ಆಗದೆ ತಿನ್ನಲೂ ಆಗದೆ ಕೂತ ದೃಶ್ಯವನ್ನು ಫೋಟೋದವನು ಬಿಡುತ್ತಾನೆಯೇ? ಮದುವೆಯ ಆಲ್ಬಂನಲ್ಲಿ ವಧೂವರರ ನಂತರದ ಪುಟವೇ ಅದು.

ಇನ್ನೊಮ್ಮೆ ಅವರ ಮಂಡಿಯ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಬಹಳ ಕಟ್ಟುನಿಟ್ಟಿನವರು, ಚಹಾ ಸಹ ಬೇಡವೆಂದರು. "ಚಾ ಬ್ಯಾಡ ಬಿಡ್ರಿ, ಒಂದು ತುತ್ತು ಉಂಡು ನೋಡ್ರಿ" ಎಂದು ಭಾವ ಮನೆಗೆ ಕರೆದೊಯ್ದರು. ಊಟವಾದ ಮೇಲೆ ಆ ಅಧಿಕಾರಿಗೆ ಬಗ್ಗಿ ಚೀಲ ನೋಡುವ ಶಕ್ತಿ ಉಳಿದಿರಲಿಲ್ಲ. ಶೇಂಗಾ ಚೀಲಗಳ ಮೇಲೆಯೇ ಮಲಗಿ ಗೊರಕೆ ಹೊಡೆದು, ಸಂಜೆಯ ಬಸ್ಸಿಗೆ ಹೋದರು. ಭಾವನ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದನ್ನು ನೋಡಲು ಆ ಮನುಷ್ಯ ಎದ್ದು ನಿಲ್ಲಬೇಕಲ್ಲ!

ನನ್ನ ಗತಿಯೂ ಬೇರೆಯಲ್ಲ. ನಾನು ರಾತ್ರಿ ಏಳೂವರೆಗೆ ಎರಡು ರೊಟ್ಟಿ ಉಂಡು ಏಳುವವನು. ಗಡಿಯಾರ ನೋಡಲು ತಲೆ ಎತ್ತಿದರೆ ಸಾಕು, ತಟ್ಟೆಗೆ ಮೂರನೆಯದು ಬಿದ್ದಿರುತ್ತದೆ. "ಲೇ ಮಾಸ್ತರ, ನಿನ್ನ ಹೊಟ್ಟಿ ಏನು ಸಾಲಿ ಹುಡುಗರ ಲೈನೇನಲೇ, ಎರಡೆರಡ ನಿಂದ್ರಸಾಕ?"

ಇಂಥ ಮನುಷ್ಯನ ಹೆಂಡತಿಗೇ, ಅಂದರೆ ನನ್ನ ಅಕ್ಕನಿಗೇ, ಎರಡು ವರ್ಷಗಳ ಹಿಂದೆ ಹೊಟ್ಟೆಯ ಆಪರೇಷನ್ ಆಯಿತು. ಜಠರದ ಬಹುಪಾಲು ತೆಗೆದುಹಾಕಿದರು. ಇನ್ನು ಮೇಲೆ ಒಂದು ಹೊತ್ತಿಗೆ ನಾಲ್ಕೇ ತುತ್ತು, ದಿನಕ್ಕೆ ಹಲವು ಹೊತ್ತು ಎಂದರು ಡಾಕ್ಟರು. ಭಾವ ಕೇಳಿದರು: "ಮೊದಲಿನಂಗ ಉಣ್ಣಾಕ ಎಷ್ಟು ದಿನ ಬೇಕ್ರಿ?" ಡಾಕ್ಟರು, "ಮೊದಲಿನ ಹಾಗೆ ಇನ್ನಿಲ್ಲ" ಎಂದರು. ಭಾವ ಸೋಲುವವರೇ? ಮರುದಿನ ಡಾಕ್ಟರಿಗೆ ಒಂದು ಡಬ್ಬಿ ಹೋಳಿಗೆ ಒಯ್ದುಕೊಟ್ಟು ಮತ್ತೆ ಅದೇ ಪ್ರಶ್ನೆ ಕೇಳಿದರು! ಡಾಕ್ಟರು ಹೋಳಿಗೆ ತಿಂದರು, ಉತ್ತರ ಬದಲಿಸಲಿಲ್ಲ.

ಅಕ್ಕನಿಗೆ ಕಾಯಿಲೆಗಿಂತ ಹೆಚ್ಚು ಕಾಡಿದ್ದು ಪಂಕ್ತಿ. ಅವಳು ನಾಲ್ಕು ತುತ್ತು ಉಂಡು ಕೈ ತಡೆದರೆ ಎಡಬಲದವರು ಬಿಡುವವರೇ? ಎಲ್ಲರೂ ನಮ್ಮ ಭಾವನ ಕೈಕೆಳಗೆ ತಯಾರಾದವರು. "ಇಷ್ಟ ಏನಬೇ? ಗುಬ್ಬಿ ಉಂಡಂಗ ಉಂಡ್ರ ಹೆಂಗ?" "ನಮ್ಮನಿ ಅಡಿಗಿ ಸೇರಲಿಲ್ಲೇನು?" ವಿಷಯ ಗೊತ್ತಾದ ಮೇಲೆ ಇನ್ನೂ ಕೆಟ್ಟದ್ದು: "ಅಯ್ಯ ಪಾಪ, ಹೊಟ್ಟಿನ ಇಲ್ಲಂತ ಆಕಿಗೆ!" ನಮ್ಮ ಕಡೆಯ ಪ್ರೀತಿಗೆ ಇದೊಂದು ರೋಗವಿದೆ. ಅದು ಮನುಷ್ಯನನ್ನು ನೋಡುವುದಿಲ್ಲ, ಎಲೆಯಲ್ಲಿ ಏನು ಉಳಿದಿದೆ ಎಂದು ನೋಡುತ್ತದೆ.

ಭಾವ ಇದಕ್ಕೂ ತಮ್ಮದೇ ಒಂದು ಉಪಾಯ ಮಾಡಿದರು. ಹಡಗಲಿಯ ಗೃಹಪ್ರವೇಶವೊಂದರಲ್ಲಿ ಅಕ್ಕನ ಎಲೆಯ ಮುಂದೆ ಬಂದೋಬಸ್ತಿನ ಪೊಲೀಸನಂತೆ ಎರಡೂ ಕೈ ಚಾಚಿ ನಿಂತು ಘೋಷಿಸಿದರು: "ಕೇಳ್ರಪಾ ಎಲ್ಲಾರೂ! ನಮ್ಮಾಕಿಗೆ ಯಾರೂ ಒತ್ತಾಯ ಮಾಡಂಗಿಲ್ಲ! ಎಷ್ಟು ಬೇಕಾದ್ರೂ ಬಿಡ್ಲಿ, ಯಾರೂ ನೋಡಂಗಿಲ್ಲ!" ಆಮೇಲೆ ಕೇಳಬೇಕೆ? ಅಲ್ಲಿಯತನಕ ತಮ್ಮ ಪಾಡಿಗೆ ಉಣ್ಣುತ್ತಿದ್ದ ಪಂಕ್ತಿಯೆಲ್ಲ ಕೈ ನಿಲ್ಲಿಸಿ ಅಕ್ಕನನ್ನೇ ನೋಡತೊಡಗಿತು. ಅಕ್ಕ ಮೆಲ್ಲಗೆ ಎದ್ದು ಹೋದಳು.

ಅಂದಿನಿಂದ ಅವಳು ಯಾರ ಜೊತೆಗೂ ಊಟಕ್ಕೆ ಕೂಡಲಿಲ್ಲ. ತನ್ನ ಮನೆಯಲ್ಲೇ, ಅಡುಗೆಮನೆಯ ಬಾಗಿಲ ಮರೆಯಲ್ಲಿ, ಗೋಡೆಗೆ ಮುಖ ಮಾಡಿ ಏನೋ ಒಂದಿಷ್ಟು ತಿನ್ನುತ್ತಿದ್ದಳು. ಭಾವ ಒಳಗೆ ಬಂದರೆ ಸೆರಗು ಎಳೆದು ತಟ್ಟೆ ಮುಚ್ಚುತ್ತಿದ್ದಳು. ನಾಲ್ಕು ತುತ್ತು ಹೋಗಿ ಎರಡಾಯಿತು. ಭಾವನಿಗೆ ಬದುಕಿನಲ್ಲಿ ಇನ್ನು ಬೇಕಾಗಿದ್ದದ್ದು ಒಂದೇ: ಅವಳು ಮತ್ತೆ ನಾಲ್ಕು ಜನರ ನಡುವೆ ಕೂತು ಉಣ್ಣಬೇಕು. ಆದರೆ ಅದಕ್ಕೆ ಅವರಿಗೆ ಗೊತ್ತಿದ್ದ ದಾರಿ ಒತ್ತಾಯವೊಂದೇ!

ಆ ಗುರುವಾರ ನಾವು ಬೆಂಗಳೂರಿಗೆ ಬಂದದ್ದು ಅಕ್ಕನನ್ನು ಡಾಕ್ಟರಿಗೆ ತೋರಿಸಲು. ತೂಕ ನೋಡಿ ಅವರು ಗದರಿದರು: "ಒಬ್ಬರೇ ಕೂತು ಉಣ್ಣಬೇಡಿ ಅಮ್ಮ. ಜೊತೆ ಇದ್ದರೆ ಎರಡು ತುತ್ತು ಹೆಚ್ಚು ಇಳಿಯುತ್ತೆ." ಅಕ್ಕ ನೆಲ ನೋಡಿದಳು. ಭಾವ ಅಕ್ಕನನ್ನು ನೋಡಿದರು. ಲಾಡ್ಜಿಗೆ ಬಂದವರು, ಎಲೆ ಅಡಿಕೆ ತರುತ್ತೇನೆಂದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ಓಡಿಬಂದರು.

"ಲೇ ಮಾಸ್ತರ! ಮುಂದಿನ ರಸ್ತೆದಾಗ ಒಂದು ಹೋಟ್ಲೈತಿ. ಕನ್ನಡಿ ಗ್ವಾಡಿ, ಒಳಗಿಂದೆಲ್ಲ ಕಾಣ್ತೈತಿ. ನಿಂತು ನೋಡಿದೆ. ಅಲ್ಲಿ ಉಣ್ಣೋ ಮಂದಿ ಎಲ್ಲಾ ನಿಮ್ಮಕ್ಕನಂಗ ಅದಾರಲೇ!"

"ಹಂಗಂದ್ರ?"

"ಅಂಗೈಯಷ್ಟು ತಟ್ಟಿ. ಅದ್ರಾಗ ನಾಲ್ಕು ಚೂರು. ಒಂದು ಬಾಯಾಗ ಇಟ್ಕಂತಾರ, ಒಂದು ತಾಸು ಮಾತಾಡ್ತಾರ. ಗಟ್ಟಿಮುಟ್ಟಾಗಿದ್ದ ಗಂಡಸ್ರು! ಯಾರಿಗೂ ಹೊಟ್ಟಿ ಇದ್ದಂಗಿಲ್ಲ. ಏಳ್ರಿ, ಏಳ್ರಿ!"

ಅಕ್ಕ ಒಲ್ಲೆನೆಂದಳು. "ಗುರುತಿನವ್ರು ಒಬ್ರೂ ಇಲ್ಲಬೇ ಅಲ್ಲಿ" ಎಂದರು ಭಾವ. ಅದೊಂದು ಮಾತಿಗೆ ಅವಳು ಸೀರೆ ಬದಲಿಸಿದಳು.

ಬಾಗಿಲಲ್ಲಿ ನಿಂತವನು ಸಲ್ಯೂಟ್ ಹೊಡೆದ. ಅಭ್ಯಾಸಬಲದಿಂದ ನಾನೂ ಹೊಡೆದೆ. ಒಳಗೆ ಮಬ್ಬುಗತ್ತಲು, ಮೇಜಿಗೊಂದು ಮೇಣದ ಬತ್ತಿ. "ಕರೆಂಟ್ ತೆಗ್ದಾರೇನಪಾ? ನಮ್ಮೂರು ಇದಕ್ಕಿಂತ ಪಾಡ ಐತಿ" ಎಂದು ಭಾವ ಎಲ್ಲರಿಗೂ ಕೇಳುವಂತೆ ಹೇಳಿದರು. ಬಡಿಸುವವನು ನಡುವಯಸ್ಸಿನ ಬೋಳುತಲೆಯ ಮನುಷ್ಯ, ಕಪ್ಪು ಅಂಗಿ ತೊಟ್ಟವನು. ಮಡಿಸಿದ ಬಿಳಿ ಬಟ್ಟೆಯನ್ನು ಮೊಣಕಾಲ ಮೇಲೆ ಹಾಸಲು ಬಂದರೆ ಭಾವ ತಮ್ಮ ಶಲ್ಯ ತೋರಿಸಿದರು: "ನನ್ನ ಕಡಿ ಐತಪ್ಪ, ಇದು ನೀ ಇಟ್ಕ."

"ಇಲ್ಲಿ ಎಲ್ಲ ಸಣ್ಣ ಸಣ್ಣ ಪ್ಲೇಟ್ ಸರ್. ತಾಪಾಸ್ ಅಂತೀವಿ. ಒಂದೊಂದಾಗಿ ಬರುತ್ತೆ, ಹಂಚಿಕೊಂಡು ತಿನ್ನೋದು" ಎಂದು ಅವನು ವಿವರಿಸಿದ. ಮಾಂಸ, ಮೊಟ್ಟೆ ಯಾವುದೂ ನಡೆಯುವುದಿಲ್ಲವೆಂದು ನಾನು ಎರಡು ಸಲ ಖಚಿತಪಡಿಸಿಕೊಂಡೆ.

ಏಳೂವರೆ ಆಯಿತು. ನನ್ನ ಹೊಟ್ಟೆ ಸೀಟಿ ಊದಿತು. ಆಗ ಬಂದದ್ದು ಒಂದು ಬಟ್ಟಲಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ಆಲಿವ್ ಕಾಯಿ. ಭಾವ ಒಂದನ್ನು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, "ನಮ್ಮ ಹೊಲದ ಬದುವಿನ ಬೇವಿನಕಾಯಿ ಇವರಿಗೆ ಸಿಕ್ಕಿಲ್ಲ, ಸಿಕ್ಕಿದ್ರ ಬಿಡ್ತಿರಲಿಲ್ಲ" ಎಂದರು. ಆಮೇಲೆ ಪುಟ್ಟ ಗ್ಲಾಸಿನಲ್ಲಿ ಟೊಮೇಟೊ ಸಾರು, ಮಂಜಿನಷ್ಟು ತಣ್ಣಗೆ.

"ಸಾರು ಆರೈತಪ್ಪ, ಕಾಸ್ಕಂಡು ಬಾ."

"ಇದು ತಣ್ಣಗೇ ಕುಡಿಯೋದು ಸರ್."

"ಯಾಕ, ಒಲಿ ಇಲ್ಲೇನು?"

ಬಳಿಕ ಹುರಿದ ಹಸಿಮೆಣಸಿನಕಾಯಿ ಬಂತು, ಮೇಲೆ ಹರಳುಪ್ಪು. ಹಿಟ್ಟಿಲ್ಲದ ಮಿರ್ಚಿ, ಜೊತೆಗೆ ಮಂಡಕ್ಕಿಯೂ ಇಲ್ಲ! ಹೀಗೆ ಒಂದಾದ ಮೇಲೊಂದು ತಟ್ಟೆ, ನಡುವೆ ಒಂದು ಇಡೀ ಕವಾಯತು ಮಾಡಿಸಿ ಮುಗಿಸುವಷ್ಟು ಪುರುಸೊತ್ತು. ಇದನ್ನು ಊಟವೆಂದು ಕರೆಯುವ ದೇಶದವರು ಸಮುದ್ರ ದಾಟಿ ರಾಜ್ಯಗಳನ್ನು ಗೆದ್ದರಂತೆ. ಹಸಿವಿನಿಂದಲೇ ಹೊರಟಿರಬೇಕು!

ಭಾವನ ಅವಸ್ಥೆಯನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಹೆಂಡತಿಗೆ ಏನನ್ನೂ ಬಡಿಸಬಾರದು, ಒಂದು ಮಾತೂ ಹೇಳಬಾರದು ಎಂದು ಬರುವಾಗಲೇ ಅವರಿಗೆ ತಾಕೀತು ಮಾಡಿದ್ದೆ. ಪಾಪ, ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದರು. ಆದರೆ ಕೈ ಕಟ್ಟಿದರೆ ಕಣ್ಣು ಸುಮ್ಮನಿರುತ್ತದೆಯೇ? ಪಕ್ಕದ ಮೇಜಿನ ಮೇಲೆ ಹೋಯಿತು. ಅಲ್ಲೊಬ್ಬ ಯುವಕ, ಒಬ್ಬ ಯುವತಿ. ಅವರ ನಡುವೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದೇ ಒಂದು ರೊಟ್ಟಿಯ ಚೂರು. ನೀನು ತಗೋ ಎಂದು ಅವನು, ನೀನೇ ತಗೋ ಎಂದು ಅವಳು.

"ಮಾಸ್ತರ, ಆ ಚೂರು ಹಂಗ ಐತಿ."

"ಇರಲಿ ಬಿಡ್ರಿ ಭಾವ."

"ಆಗ್ಲಿಂದ ಐತಲೇ!"

ನಾನು ಅವರ ಪಂಚೆ ಹಿಡಿಯುವಷ್ಟರಲ್ಲಿ ಎದ್ದೇಬಿಟ್ಟರು. ಹೋಗಿ ಆ ಚೂರನ್ನು ಎತ್ತಿ ಹುಡುಗಿಯ ತಟ್ಟೆಗೆ ಹಾಕಿ, "ಉಣ್ಣು ತಾಯಿ. ಇಂವ ಹಿಂಗ ಬರೇ ಕೇಳೋನು, ಹಾಕೋನಲ್ಲ. ಈಗ್ಲೇ ನೋಡ್ಕ" ಎಂದರು. ಹುಡುಗಿ ಬಿದ್ದು ಬಿದ್ದು ನಕ್ಕು ತಿಂದಳು. ಹುಡುಗನ ಮುಖ ಆ ಟೊಮೇಟೊ ಸಾರಿನ ಬಣ್ಣಕ್ಕೆ ತಿರುಗಿತು. ಮ್ಯಾನೇಜರ್ ಬಂದು ಭಾವನನ್ನು ಬಹಳ ಮರ್ಯಾದೆಯಿಂದ ಮೊಣಕೈ ಹಿಡಿದು ಕರೆತಂದು ಕೂಡಿಸಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅತ್ತಳೇನೋ ಎಂದುಕೊಂಡೆ. ಇಲ್ಲ, ನಗುತ್ತಿದ್ದಳು.

ಆಮೇಲೆ ಬಂದದ್ದು ಹುರಿದ ಆಲೂಗಡ್ಡೆ, ಮೇಲೆ ಕೆಂಪು ಗೊಜ್ಜು. ಅಕ್ಕ ಗೊಜ್ಜನ್ನು ಬದಿಗೆ ಸರಿಸಿ ಎರಡು ಹೋಳು ತಿಂದಳು, ಸಾವಕಾಶವಾಗಿ. ತನ್ನ ಪಾಲಿನ ಉಳಿದದ್ದನ್ನು ಬಿಟ್ಟಳು. ಬಿಟ್ಟವಳೇ ಹಳೆಯ ಅಭ್ಯಾಸದಂತೆ ಸೆರಗನ್ನು ತಟ್ಟೆಯ ಕಡೆ ಎಳೆದುಕೊಂಡಳು. ಅಷ್ಟರಲ್ಲಿ ಬಡಿಸುವವನು ಬಂದ. ಭಾವ ಕೈಗಳನ್ನು ಮತ್ತೆ ತೊಡೆಯ ಕೆಳಗೆ ಒತ್ತಿದರು. ನಾನು ಈ ಸಲ ಮೊದಲೇ ಅವರ ಪಂಚೆ ಹಿಡಿದೆ.

ಅವನು ತಟ್ಟೆ ಎತ್ತಿದ. ಶುಭ್ರವಾದ ಇನ್ನೊಂದು ತಟ್ಟೆ ಇಟ್ಟ. ಹೋದ.

ಅಷ್ಟೇ. ಯಾಕೆ ಬಿಟ್ಟಿರಿ ಎನ್ನಲಿಲ್ಲ, ಸೇರಲಿಲ್ಲವೇ ಎನ್ನಲಿಲ್ಲ, ಪಾಪ ಎನ್ನಲಿಲ್ಲ. ಎತ್ತುವಾಗ ತಟ್ಟೆಯ ಕಡೆ ನೋಡಲೂ ಇಲ್ಲ. ಅಕ್ಕ ಅವನು ಹೋದ ದಿಕ್ಕನ್ನೇ ನೋಡುತ್ತಿದ್ದಳು. ಆಮೇಲೆ ಸುತ್ತಲಿನ ಮೇಜುಗಳನ್ನು ನೋಡಿದಳು. ಎಲ್ಲರ ತಟ್ಟೆಯಲ್ಲೂ ಏನಾದರೂ ಉಳಿದಿತ್ತು. ಯಾರೂ ಯಾರ ತಟ್ಟೆಯನ್ನೂ ನೋಡುತ್ತಿರಲಿಲ್ಲ. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಸರಿಯಾಗಿ ಕೂತಳು.

"ರೀ, ಆ ಮೂಲಿ ಮೇಜಿನವ್ರು ಅಣಬಿ ತಿನ್ನಾಕತ್ಯಾರ ನೋಡ್ರಿ. ಬೆಳ್ಳುಳ್ಳಿ ವಾಸನಿ ಬರ್ತೈತಿ. ಅದನ್ನೊಂದು ತರಸ್ರಿ."

ಎರಡು ವರ್ಷದಲ್ಲಿ ಅವಳು ಬಾಯಿಬಿಟ್ಟು ಇಂಥದ್ದು ಬೇಕು ಎಂದದ್ದು ಅದೇ ಮೊದಲು. ಐದು ಊರಿನ ಪಂಕ್ತಿಗಳಿಗೆ ಕೇಳುವ ಗಂಟಲಿನ ಭಾವ ಮೇಜಿನ ಮೇಲಿದ್ದ ಬಟ್ಟಲು, ಗ್ಲಾಸುಗಳನ್ನು ಸರಿಸಿ ಅಣಬೆಗೆ ಜಾಗ ಮಾಡತೊಡಗಿದರು. ನಾನೇ ಕೈ ಎತ್ತಿ ಕರೆದೆ. ಅಣಬೆ ಬಂತು. ಅಕ್ಕ ತಿಂದಳು. ಮೂರು ಚೂರೋ ನಾಲ್ಕೋ, ನಾನು ಎಣಿಸಲಿಲ್ಲ. ಪಕ್ಕದ ಹುಡುಗಿ ಅವಳ ಸೀರೆಯ ಅಂಚನ್ನು ಮೆಚ್ಚಿದಳು. ಅಕ್ಕ ತಿನ್ನುತ್ತಲೇ ಇಳಕಲ್ಲಿನ ಸೆರಗಿನ ವಿಷಯ ಹೇಳಿದಳು.

ಹೊರಡುವಾಗ ಭಾವ ಬಡಿಸುವವನನ್ನು ಬದಿಗೆ ಕರೆದರು. "ಏನಪ್ಪ, ನಮ್ಮಾಕಿ ತಟ್ಟಿದಾಗ ಅಷ್ಟು ಉಳಿದಿತ್ತು. ನೀ ಯಾಕ ಏನೂ ಕೇಳ್ಲಿಲ್ಲ?"

ಅವನು ಗಾಬರಿಯಾದ. "ತಪ್ಪಾಯ್ತಾ ಸರ್? ಕೇಳಬೇಕಿತ್ತಾ?"

"ಬ್ಯಾಡ" ಎಂದರು ಭಾವ. ಅವನ ಭುಜ ತಟ್ಟಿ, "ಬ್ಯಾಡ. ಹಂಗ ಇರು" ಎಂದರು.

ಒಂಬತ್ತಕ್ಕೆ ಲಾಡ್ಜಿಗೆ ಬಂದೆವು. ನಾನು ಅಕ್ಕನ ಮಾತ್ರೆ ಕೊಟ್ಟೆ, ಬೆಳಗಿನ ಬಸ್ಸಿಗೆ ಚೀಲ ಕಟ್ಟಿದೆ. ಮಲಗುವ ಮುನ್ನ ಅಕ್ಕನಿಗೆ ಅರ್ಧ ಲೋಟ ಹಾಲು ಕೊಡಬೇಕು. ಇದು ಭಾವನ ಕೆಲಸ. ದಿನಾಲೂ ಎದುರಿಗೆ ನಿಂತು, "ಇನ್ನೊಂದು ಗುಟುಕು, ಇನ್ನೊಂದು" ಎಂದು ಲೋಟದ ತಳ ಕಾಣುವವರೆಗೆ ಕಾಡುವುದು ಕ್ರಮ. ಆ ದಿನ ಅವರು ಹಾಲನ್ನು ಅವಳ ಪಕ್ಕದಲ್ಲಿಟ್ಟು, ಕಿಟಕಿಯ ಹತ್ತಿರ ಹೋಗಿ, ನಮ್ಮ ಕಡೆ ಬೆನ್ನು ಮಾಡಿ ನಿಂತರು. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅಕ್ಕ ಕುಡಿದಷ್ಟು ಕುಡಿದು ಲೋಟ ಕೆಳಗಿಟ್ಟಳು. ಭಾವ ಸಪ್ಪಳ ಕೇಳಿ ತಿರುಗಿ ಬಂದು, ಒಳಗೆ ಎಷ್ಟು ಉಳಿದಿದೆ ಎಂದು ನೋಡದೆ ಲೋಟ ತೆಗೆದುಕೊಂಡು ಹೋದರು; ತೊಳೆದು, ಒರೆಸಿ, ಬೋರಲು ಹಾಕಿದರು.