ಜೂನ್ ಮೂವತ್ತೊಂದು

ನಿಮ್ಮ ಮನೆಗೆ ಕೊನೆಯ ಸಲ ಯಾರಾದರೂ ಬಂದದ್ದು ಯಾವತ್ತು? ಸಮೀಕ್ಷೆಯ ಈ ಒಂಬತ್ತನೆಯ ಪ್ರಶ್ನೆಗೆ ಹದಿನೇಳು ಜನ ಕ್ಯಾಲೆಂಡರಿನಲ್ಲೇ ಇಲ್ಲದ ದಿನ ಬರೆದಿದ್ದರು. ಫೆಬ್ರವರಿ ಮೂವತ್ತು, ಜೂನ್ ಮೂವತ್ತೊಂದು. ಅಂಥ ದಿನಾಂಕ ಕಂಡರೆ ಕಂಪ್ಯೂಟರು ಅದನ್ನು ನುಂಗಿ, ಆ ಜಾಗದಲ್ಲಿ ಒಂದು ಚುಕ್ಕಿ ಇಟ್ಟು ಸುಮ್ಮನಾಗುತ್ತಿತ್ತು. ಚುಕ್ಕಿ ಕಂಡಲ್ಲೆಲ್ಲ ಫೋನು ಮಾಡಿ ಸರಿಯಾದ ದಿನ ಕೇಳುವುದು ಸಮೀಕ್ಷೆ ಕಚೇರಿಯ ಗುಮಾಸ್ತನಾದ ಅವನ ಕೆಲಸ. ಕಚೇರಿಯಲ್ಲಿ ಅವನ ಹೆಸರೇ ಚುಕ್ಕಿರಾಯ. ಸಂಜೆಯೊಳಗೆ ವರದಿ ಹೋಗಬೇಕಿತ್ತು.

ಮೊದಲ ಫೋನನ್ನು ಒಬ್ಬ ಅಜ್ಜಿ ಎತ್ತಿದಳು. ಜೂನಿಗೆ ಮೂವತ್ತೇ ದಿನ ಎಂದು ಅವನು ವಿವರಿಸುವಷ್ಟರಲ್ಲಿ ಆಕೆ ಮಂಡಿನೋವು, ಸೋರುವ ನಲ್ಲಿ, ಪಕ್ಕದ ಮನೆಯ ಬೆಕ್ಕು ಎಲ್ಲ ಮುಗಿಸಿ ಮತ್ತೆ ಮಂಡಿಗೆ ಬಂದಿದ್ದಳು. ಅವನು ಗೋಂದಿಗೆ ಸಿಕ್ಕ ನೊಣದಂತೆ ಫೋನಿಗೆ ಅಂಟಿಕೊಂಡಿದ್ದ. ಮದುವೆಗೆ ಹೆಣ್ಣು ಗೊತ್ತಾಯಿತೇನೋ ಎಂದು ಪಕ್ಕದ ಮೇಜಿನಾಕೆ ಇಡೀ ಕೋಣೆಗೆ ಕೇಳುವಂತೆ ವಿಚಾರಿಸಿದಳು.

"ಅಜ್ಜೀ, ಸರಿಯಾದ ತಾರೀಕು ಹೇಳ್ಬಿಡಿ."

"ಸರಿಯಾದ್ದು ಗೊತ್ತಪ್ಪ. ಹೋದ ವರ್ಷ ಸರಿಯಾಗೇ ಬರೆದಿದ್ದೆ. ಯಾರೂ ಫೋನ್ ಮಾಡ್ಲಿಲ್ಲ."

ಅವನು ಪೆನ್ನು ಕೆಳಗಿಟ್ಟ. ಆಮೇಲೆ, ಮಂಡಿಗೆ ಏನು ಹಚ್ಚುತ್ತೀರಿ ಎಂದು ತಾನೇ ಕೇಳಿದ.

ಸಂಜೆಗೆ ನಾಲ್ಕೇ ಚುಕ್ಕಿ ಅಳಿಸಿದ್ದ. ಸಾಹೇಬರು ಬಂದು, ಇದು ಕಚೇರಿಯೋ ಅಜ್ಜಿಮನೆಯೋ ಎಂದು ಕೇಳಿ, ಉಳಿದದ್ದನ್ನು ತಾವೇ ನೋಡಿಕೊಳ್ಳುವುದಾಗಿ ಹೇಳಿ ಅವನನ್ನು ಮನೆಗೆ ಅಟ್ಟಿದರು.

ಹೊರಡುವ ಮುನ್ನ ಅವನಿಗೆ ತನ್ನದೇ ಫಾರಂ ನೆನಪಾಯಿತು. ಸಿಬ್ಬಂದಿಯೂ ಸಮೀಕ್ಷೆ ತುಂಬಬೇಕಿತ್ತು. ಅವರ ಚುಕ್ಕಿಗಳಿಗೆ ಫೋನು ಮಾಡುವವಳು ಪಕ್ಕದ ಮೇಜಿನಾಕೆ. ಒಂಬತ್ತನೆಯ ಪ್ರಶ್ನೆಯೆದುರು ಅವನು ಬಹಳ ಹೊತ್ತು ಕೂತ. ನಲ್ಲಿ ರಿಪೇರಿಯವನು ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ ತಿಳಿಯಲಿಲ್ಲ. ಕೊನೆಗೆ ಜೂನ್ ಮೂವತ್ತೊಂದು ಎಂದು ಬರೆದು, ಕಳ್ಳನಂತೆ ಹೊರಬಿದ್ದ.

ಮನೆಯಲ್ಲಿ ಒಂದೇ ಕುರ್ಚಿ. ಅದನ್ನು ಫೋನಿನ ಹತ್ತಿರ ಎಳೆದುಕೊಂಡ. ಏಳು ಗಂಟೆಗೆ ಫೋನು ರಿಂಗಾಗಿಯೇಬಿಟ್ಟಿತು. ಪಕ್ಕದ ಮೇಜಿನಾಕೆಯೇ.

"ಚುಕ್ಕಿರಾಯರೇ, ನಿಮ್ಮ ಪೀಡೆ ಕಳೀತು. ಸಾಹೇಬರು ಕಂಪ್ಯೂಟರಿಗೆ ಒಂದು ಸಾಲು ಬರೆದ್ರು. ಇಲ್ಲದ ದಿನ ಬಂದ್ರೆ ತಾನಾಗೇ ಆ ತಿಂಗಳ ಕೊನೇ ದಿನ ಆಗತ್ತೆ. ಇನ್ಮೇಲೆ ಯಾರಿಗೂ ಫೋನ್ ಮಾಡೋ ಹಾಗೇ ಇಲ್ಲ. ನಮ್ಮ ಸಿಬ್ಬಂದೀಲೂ ಯಾರೋ ಜೂನ್ ಮೂವತ್ತೊಂದು ಅಂತ ಬರೆದಿದ್ರಂತೆ, ಅದೂ ಮೂವತ್ತಾಯ್ತು."

"ಯಾರು ಅಂತ ನೋಡಿದ್ರಾ?"

"ಯಾಕೆ ನೋಡ್ಬೇಕು? ಸರಿಹೋಯ್ತಲ್ಲ."

ಅವನು ಕುರ್ಚಿಯ ಅಂಚಿಗೆ ಸರಿದ. "ನಂಗೂ ಸ್ವಲ್ಪ ಮಂಡಿನೋವು," ಎಂದು ಶುರುಮಾಡಿದ.

ಅಷ್ಟರಲ್ಲಿ ಆಕೆ ಫೋನು ಇಟ್ಟಾಗಿತ್ತು.