ವೈರು ಸುಲಿದ ಹಲ್ಲು

ದೇವರು ಹಲ್ಲು ಕೊಟ್ಟಿದ್ದು ಜೋಳದ ರೊಟ್ಟಿ ತಿನ್ನಲಿಕ್ಕೇ ಹೊರತು ವೈರು ಸುಲಿಯಲಿಕ್ಕಲ್ಲ ಎಂಬ ವಿಷಯದಲ್ಲಿ ನನಗೀಗ ಯಾವ ಅನುಮಾನವೂ ಉಳಿದಿಲ್ಲ. ಮೊದಲು ನಾನು ಬೇರೆ ಅಭಿಪ್ರಾಯದವನಾಗಿದ್ದೆ. ಮಿಕ್ಸರ್ ನಿಲ್ಲಲಿ, ಇಸ್ತ್ರಿಪೆಟ್ಟಿಗೆ ಕೆಡಲಿ, ಪ್ಲಗ್ ಬಿಚ್ಚಿ ವೈರನ್ನು ಬಾಯಿಗಿಟ್ಟು ಕಚ್ಚಿ ಎಳೆಯುವುದು ನನ್ನ ರೂಢಿ. ನೋಡಲಾರದೆ ಹೆಂಡತಿ ಬೀದರಿನ ಅಂಗಡಿಯಿಂದ ವೈರು ಸುಲಿಯುವ ಪಕ್ಕಡವೊಂದನ್ನು ತಂದುಕೊಟ್ಟಳು. ಕೆಂಪು ಹಿಡಿಕೆ, ಬಾಯಂಚಿಗೆ ಸಣ್ಣವು ದೊಡ್ಡವು ಸಾಲಾಗಿ ತೂತುಗಳು. ವೈರಿನ ದಪ್ಪಕ್ಕೆ ತಕ್ಕ ತೂತಿನಲ್ಲಿ ಹಿಡಿದರೆ ಮೇಲಿನ ಪ್ಲಾಸ್ಟಿಕ್ ಮಾತ್ರ ಕಳಚುತ್ತದೆ, ಒಳಗಿನ ತಾಮ್ರ ಉಳಿಯುತ್ತದೆ. ಹಾಗೆಂದು ಅಂಗಡಿಯವನು ಹೇಳಿದ್ದನಂತೆ.

ಈ ಬೇಸಿಗೆಯಲ್ಲಿ ಭಾಲ್ಕಿಯಿಂದ ಅಕ್ಕ ಫೋನು ಮಾಡಿದಳು. ಮಗಳು ಸವಿತಾಳನ್ನು ನೋಡಲು ಔರಾದದವರು ಬರುತ್ತಾರೆ. ಭಾವ ತೀರಿಕೊಂಡ ಮೇಲೆ ಆ ಮನೆಗೆ ಹಿರಿಯ ಅಂದರೆ ನಾನೇ. "ಸವಿತಾ ದಿನಾ ರೈಲಿನ್ಯಾಗ ಬೀದರಕ್ಕ ಹೋಗಿ ದವಾಖಾನಿ ಲ್ಯಾಬಿನ್ಯಾಗ ಕೆಲಸ ಮಾಡ್ತಾಳ. ಅವರು ನೌಕರಿ ಬಿಡು ಅಂತಾರಂತ. ನೀ ಹೂಂ ಅನಬ್ಯಾಡಪ್ಪ" ಎಂದಳು. ಅಕ್ಕನ ಭಯ ಸುಳ್ಳಲ್ಲ. ಇಲ್ಲ ಎನ್ನುವುದು ನನಗೆ ಬರುವುದಿಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಸೀಟಿನ ಕಡೆ ಆಸೆಯಿಂದ ನೋಡಿದರೂ ಎದ್ದು ನಿಲ್ಲುತ್ತೇನೆ.

ಭಾಲ್ಕಿಯಲ್ಲಿ ಇಳಿದಾಗ ಉರಿಬಿಸಿಲು, ಮನೆಯಲ್ಲಿ ಕೂಲರ್ ಕೆಟ್ಟಿತ್ತು. ಇಲಿ ಪ್ಲಗ್ಗಿನ ಹತ್ತಿರವೇ ವೈರು ಕಡಿದಿತ್ತು. ನಾನು ಹೆಮ್ಮೆಯಿಂದ ಚೀಲದೊಳಗಿನ ಪಕ್ಕಡ ತೆಗೆದೆ. ಒಂದು ತೂತಿನಲ್ಲಿ ಹಿಡಿದು ಒತ್ತಿದೆ. ಸಿಪ್ಪೆಯ ಜೊತೆ ತಾಮ್ರವೂ ತುಂಡಾಗಿ ಬಿತ್ತು. ಇನ್ನೊಂದು ತೂತು ನೋಡಿದೆ, ಮತ್ತೊಂದು ತುಂಡು ಬಿತ್ತು. ವೈರು ಗಿಡ್ಡವಾದಂತೆ ಪ್ರತಿ ಸಲವೂ ಕೂಲರನ್ನು ಗೋಡೆಯ ಕಡೆ ಸ್ವಲ್ಪ ಸರಿಸಬೇಕಾಯಿತು. ಇನ್ನೊಮ್ಮೆ ಕತ್ತರಿಸಿದರೆ ಅದು ಗೋಡೆ ಹತ್ತಬೇಕಿತ್ತು. ಪಕ್ಕಡ ಕೆಳಗಿಟ್ಟು ಹಳೆಯ ನಂಬಿಕೆಗೆ ಮರಳಿದೆ. ವೈರು ಸುಲಿಯಿತು. ಜೊತೆಗೆ ಮುಂದಿನ ಹಲ್ಲು ಅರ್ಧ ಮುರಿದು ಅಂಗೈಗೆ ಬಂತು. ಅಕ್ಕ ನೋಡಿ ಹಣೆ ಬಡಿದುಕೊಂಡಳು. ಆಮೇಲೆ, "ಅವರು ಹೋಗೋತನಕ ಬಾಯಿ ತಗೀಬ್ಯಾಡ" ಎಂದಳು.

ಕೂಲರ್ ತಿರುಗುತ್ತಿತ್ತು. ಹುಡುಗ, ಅವನ ತಂದೆ ಶರಣಪ್ಪನವರು, ತಾಯಿ ಬಂದು ಕೂತರು. ಕುಶಲದ ಮಾತೆಲ್ಲ ಅಕ್ಕನೇ ಆಡಿದಳು. ನಾನು ಕೈಮುಗಿದು ತಲೆಯಾಡಿಸಿದೆ. ಕೊನೆಗೆ ಶರಣಪ್ಪನವರು ನನ್ನ ಕಡೆ ತಿರುಗಿದರು. "ಮದಿವಿ ಆದ ಮ್ಯಾಲ ಹುಡುಗಿ ನೌಕರಿ ಬಿಡಬೇಕಾಗ್ತದರಿ. ಔರಾದಕ್ಕ ರೈಲಿಲ್ಲ, ದಿನಾ ಬಸ್ಸಿನ್ಯಾಗ ಬೀದರಕ್ಕ ಹೋಗಿ ಬರೋದು ಆಗೋ ಮಾತಲ್ಲರಿ. ನೀವೇನಂತೀರಿ?"

'ಆಗಲಿ ಬಿಡ್ರಿ' ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ತುಟಿ ಬಿಗಿಹಿಡಿದೆ. ಎಲ್ಲರೂ ಕಾಯ್ದರು. ಆ ಮೌನದಲ್ಲಿ ಚಹದ ತಟ್ಟೆ ಹಿಡಿದು ನಿಂತಿದ್ದ ಸವಿತಾ ಅದನ್ನು ಕೆಳಗಿಟ್ಟಳು.

"ನಾ ಹೇಳ್ತೇನಿರಿ. ಅಪ್ಪ ಹೋದ ಮ್ಯಾಲ ಈ ಮನಿ ನನ್ನ ನೌಕರಿ ಮ್ಯಾಲ ನಿಂತದ. ಬಸ್ಸಿನ್ಯಾಗ ಹೋಗ್ತೇನಿ, ಬರ್ತೇನಿ. ಕೆಲಸ ಮಾತ್ರ ಬಿಡೋದಿಲ್ಲರಿ. ನಿಮಗ ಒಪ್ಪಿಗಿ ಇಲ್ಲಂದ್ರ ಸಿಟ್ಟಿಲ್ಲ, ಚಹಾ ಕುಡದು ಹೋಗ್ರಿ."

ಶರಣಪ್ಪನವರು ನನ್ನ ಮುಖ ನೋಡಿದರು. ಹಲ್ಲಿನ ನೋವಿಗೆ ನನ್ನ ಕಣ್ಣಲ್ಲಿ ನೀರಾಡುತ್ತಿತ್ತು. ಅವರು ಅದನ್ನು ಬೇರೆ ರೀತಿ ತಿಳಿದುಕೊಂಡರೆಂದು ಕಾಣುತ್ತದೆ, ತಲೆ ತಗ್ಗಿಸಿದರು. ಅಲ್ಲಿಯವರೆಗೆ ಮಾತಾಡದ ಹುಡುಗ ಮೆಲ್ಲಗೆ, "ಅಪ್ಪಾ, ಬಸ್ ಸ್ಟ್ಯಾಂಡಿಗಿ ದಿನಾ ನಾ ಬಿಟ್ಟು ಬರ್ತೇನಿ" ಅಂದ. ಶರಣಪ್ಪನವರು ತಟ್ಟೆಯಿಂದ ಚಹದ ಕಪ್ಪು ಎತ್ತಿಕೊಂಡರು. "ಹಿರ್ಯಾರು ವಾದಕ್ಕ ಇಳಿದಿದ್ರ ನಾನೂ ಇಳೀತಿದ್ದೆ. ಆಯ್ತವ್ವ, ನಿನ್ನ ಮಾತೇ ಇರಲಿ" ಎಂದರು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಬೀದರಿಗೆ ಬಂದು ಹೊಸ ಹಲ್ಲು ಕಟ್ಟಿಸಿಕೊಂಡೆ. ಮೊನ್ನೆ ಶರಣಪ್ಪನವರ ಫೋನು. ಅವರ ಅಣ್ಣತಮ್ಮಂದಿರಲ್ಲಿ ಹೊಲ ಪಾಲಾಗುವ ತಕರಾರು ಎದ್ದಿದೆಯಂತೆ. "ನಿಮ್ಮಂಥ ಕಮ್ಮಿ ಮಾತಿನ ಹಿರ್ಯಾರು ನಮ್ಮಲ್ಲಿ ಇಲ್ಲರಿ. ನೀವು ಬಂದು ನಡುವ ಕೂಡಬೇಕು" ಎಂದರು. ಪಕ್ಕದಲ್ಲೇ ಕೇಳಿಸಿಕೊಂಡ ಹೆಂಡತಿ ನಕ್ಕು ನಕ್ಕು ನೆಲಕ್ಕೆ ಕೂತಳು. "ಬ್ಯಾಡ ಅನ್ರಿ, ಮೊದಲ ಬ್ಯಾಡ ಅನ್ರಿ" ಎಂದು ಕೈಸನ್ನೆ ಮಾಡಿದಳು. ಅಷ್ಟರಲ್ಲಿ ನಾನು ಆಗಲಿ ಅಂದುಬಿಟ್ಟಿದ್ದೆ.